ಒಂದ ಹಲ್ಲ ಕಮ್ಮಿ ಹಾಕ್ರಿ!

ಮುಂದೆ ಹದಿನಾಲ್ಕು ಹಲ್ಲು, ಹಿಂದೆ ನಲವತ್ತೆರಡು, ನಡುವೆ ಒಂದು ಚೈನು. ಕಬ್ಬಿನ ಸೀಮೆಯ ಬೈಕು ಹೇರು ಎಳೆಯುವುದೂ ಇವುಗಳ ಬಲದಲ್ಲಿ, ನಡುದಾರಿಯಲ್ಲಿ ಕೈಕೊಡುವುದೂ ಇವುಗಳ ದೆಸೆಯಿಂದ. ಎಂಜಿನ್ನಿನ ಮಾತು ಎಲ್ಲರೂ ಆಡುತ್ತಾರೆ. ಇದು ಹಲ್ಲಿನ ಮಾತು.

ಬೆಳಗಿನ ಎಂಟು ಗಂಟೆ. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆ. ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು ಸಾಲುಗಟ್ಟಿವೆ. ಒಂದರಲ್ಲಿ ಭಜನೆಪದ, ಅದರ ಹಿಂದಿನದರಲ್ಲಿ ಎದೆ ನಡುಗಿಸುವ ಡಿಜೆ. ಎರಡೂ ಕೂಡಿ ಮೂರನೆಯದೇ ಒಂದು ಹಾಡಾಗಿದೆ.

ಆ ಸಾಲಿನ ಪಕ್ಕದಿಂದ ಒಂದು ಹಸಿರು ಗುಡ್ಡ ತಾನಾಗಿ ಉರುಳಿಕೊಂಡು ಬಂತು. ಹತ್ತಿರ ಬಂದಾಗ ಗೊತ್ತಾಯಿತು: ಅದು ಬೈಕು. ಹಿಂದೆ ಮುಂದೆ ಕಬ್ಬಿನ ಸೋಗೆಯ ಪೆಂಡಿಗಳು, ನಡುವೆ ಕಣ್ಣಷ್ಟೇ ಕಾಣುವ ಹುಡುಗ. ಮನೆಯಲ್ಲಿ ಎಮ್ಮೆಗಳು ಕಾದಿದ್ದವು ಅಂತ ಕಾಣುತ್ತದೆ, ಅವಸರದಲ್ಲಿದ್ದ. ಆದರೆ ಬೈಕಿಗೆ ಅವಸರವಿರಲಿಲ್ಲ. ಹತ್ತು ಮಾರಿಗೊಮ್ಮೆ 'ಕಟಕ್' ಎಂದು ಹಲ್ಲು ಕಡಿಯುತ್ತಿತ್ತು.

ಬೇವಿನ ಗಿಡದ ನೆರಳಿನ ಗ್ಯಾರೇಜಿನ ಮುಂದೆ ಕಾಲೂರಿ ನಿಂತ.

"ಕಾಕಾ, ಏರಿ ಬಂದ್ರ ಗಾಡಿ ಜಗ್ಗವಲ್ದು. ಮುಂದಿನ ಸಾಕೆಟ್ ಒಂದ ಹಲ್ಲ ಕಮ್ಮಿ ಹಾಕ್ರಿ."

ಮಿಸ್ತ್ರಿ ಕೂತಲ್ಲಿಂದಲೇ ಹಿಂದಿನ ಚಕ್ರದತ್ತ ಕಣ್ಣು ಹಾಯಿಸಿದರು. "ಹಲ್ಲ ಕಮ್ಮಿ ಹಾಕೂದು ಆಮ್ಯಾಲ ತಮ್ಮಾ. ಇರೂ ಹಲ್ಲ ಎಲ್ಲಿ ಅದಾವ, ಮೊದಲ ಅದನ್ನ ತೋರ್ಸು."

ನಾನೂ ಬಗ್ಗಿ ನೋಡಿದೆ. ಹೊಸದಿದ್ದಾಗ ಗಿಡ್ಡಗೆ, ಎರಡೂ ಬದಿಗೆ ಸಮನಾಗಿ ಇರಬೇಕಾದ ಹಲ್ಲುಗಳು ಒಂದೇ ಕಡೆಗೆ ಬಾಗಿ ಕುಡುಗೋಲಿನ ತುದಿಯಂತಾಗಿದ್ದವು. ಮಿಸ್ತ್ರಿ ಚಕ್ರದ ಹಿಂಬದಿಯಲ್ಲಿ ಚೈನನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆಳೆದರು. ಅರ್ಧ ಹಲ್ಲು ಬಯಲಿಗೆ ಬಂತು. ಅಲ್ಲಿಗೆ ಪಂಚಾಯಿತಿ ಮುಗಿಯಿತು.

ನಮ್ಮ ಕಡೆ ಎಲ್ಲರ ಬಾಯಲ್ಲೂ 'ಸಾಕೆಟ್' ಆಗಿರುವ ಈ ಹಲ್ಲುಚಕ್ರದ ಸರಿಯಾದ ಹೆಸರು ಸ್ಪ್ರಾಕೆಟ್. ಹೆಸರು ತಪ್ಪಿದರೂ ಕೆಲಸ ತಪ್ಪುವುದಿಲ್ಲ, ಹೋಗಲಿ. ತಪ್ಪುವುದು ಬೇರೆ ಕಡೆ.

ಚೈನು ಹಿಗ್ಗುವುದಿಲ್ಲ

'ಚೈನ್ ಹಿಗ್ಗೇತಿ' ಎನ್ನುತ್ತೇವೆ. ಉಕ್ಕಿನ ಪಟ್ಟಿ ರಬ್ಬರಿನಂತೆ ಹಿಗ್ಗುವುದು ಎಲ್ಲಿಂದ ಬಂತು? ಪ್ರತಿ ಕೊಂಡಿಯೊಳಗೆ ಒಂದು ಪಿನ್ನು, ಅದರ ಮೇಲೆ ಒಂದು ಬುಶ್ಶು, ಅದರ ಮೇಲೆ ತಿರುಗುವ ರೋಲರು ಇರುತ್ತವೆ. ಚೈನು ಹಲ್ಲುಚಕ್ರವನ್ನು ಸುತ್ತುವಾಗ ಪಿನ್ನು ಬುಶ್ಶಿನೊಳಗೆ ಮಡಚಿ ಬಿಚ್ಚುತ್ತದೆ. ಬೈಕು 60 ಕಿ.ಮೀ. ವೇಗದಲ್ಲಿ ಓಡುವಾಗ ಹಿಂದಿನ ಸ್ಪ್ರಾಕೆಟ್ಟನ್ನು ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು ಕೊಂಡಿಗಳು ದಾಟುತ್ತವೆ. ಇಷ್ಟು ಸಲ ಉಜ್ಜಿಕೊಂಡ ಮೇಲೆ ಪಿನ್ನು ಸವೆಯದೆ ಇನ್ನೇನು ಮಾಡೀತು?

ಒಂದೊಂದು ಕೊಂಡಿಯಲ್ಲಿ ಬರೀ ಕಾಲು ಮಿಲಿಮೀಟರು ಸವೆದರೂ, 112 ಕೊಂಡಿಗಳ ಚೈನಿಗೆ ಅದು ಕೂಡಿ 28 ಮಿಲಿಮೀಟರು. ನಮ್ಮ ಕಣ್ಣಿಗೆ ಬೀಳುವುದು ಆ ಮೊತ್ತ. ಅದನ್ನೇ ಹಿಗ್ಗಿತು ಅನ್ನುತ್ತೇವೆ.

ಹೀಗೆ ಕೊಂಡಿಯ ಅಂತರ ಬೆಳೆದ ಚೈನು ಹಲ್ಲಿನ ಬುಡದಲ್ಲಿ ಕೂರುವುದಿಲ್ಲ, ತುದಿಗೆ ಏರಿ ಕೂರುತ್ತದೆ. ಹಲ್ಲು ತನ್ನ ಸೋತ ಜೊತೆಗಾರನಿಗೆ ತಕ್ಕಂತೆ ತಾನೂ ಸವೆದು ಕೊಕ್ಕೆಯಾಗುತ್ತದೆ. ಒಂದು ದಿನ ಏರಿನಲ್ಲಿ, ಹೇರಿನ ಭಾರದಲ್ಲಿ, ಚೈನು ಹಲ್ಲು ದಾಟಿ ಜಿಗಿಯುತ್ತದೆ. ಆ 'ಕಟಕ್' ಸದ್ದು ಅದೇ.

ಚೌಕಟ್ಟು: ಅಳತೆಪಟ್ಟಿ ಒಂದಿದ್ದರೆ ಸಾಕು

> ಸಾಮಾನ್ಯ ಬೈಕುಗಳ 420, 428 ಚೈನುಗಳಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ., ಅಂದರೆ ಅರ್ಧ ಇಂಚು. 20 ಕೊಂಡಿ ಎಣಿಸಿ, ಚೈನನ್ನು ಬಿಗಿ ಹಿಡಿದು, ಮೊದಲ ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸ ಚೈನಾದರೆ 254 ಮಿ.ಮೀ., ಸರಿಯಾಗಿ ಹತ್ತು ಇಂಚು. 259 ದಾಟಿದ್ದರೆ ಶೇ 2ರಷ್ಟು ಸವೆದಿದೆ ಎಂದರ್ಥ. ಮೂರು ನಾಲ್ಕು ಕಡೆ ಅಳೆಯಬೇಕು, ಏಕೆಂದರೆ ಚೈನು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಶಾಲೆಯ ಮಕ್ಕಳ 30 ಸೆಂ.ಮೀ. ಪಟ್ಟಿ ಧಾರಾಳ ಸಾಕು.

ನೀರು ಬಂತು, ಹೇರು ಬಂತು

ಬೈಕು ಎಲ್ಲ ಊರಲ್ಲೂ ಇದೆ. ಆದರೆ ಈ ಸೀಮೆಯಲ್ಲಿ ಬೈಕಿಗೆ ಬಿದ್ದ ದುಡಿತವೇ ಬೇರೆ.

1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳತ್ವದ ಆ ಕೆಲಸಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ನೀರು ನಿಂತ ಮೇಲೆ ಜೋಳದ ಹೊಲಗಳಲ್ಲಿ ಕಬ್ಬು ಎದ್ದಿತು. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳೂ ಹೆಚ್ಚಿದವು. ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಉತ್ತೂರ — ಯಾವ ದಿಕ್ಕಿಗೆ ನಿಂತರೂ ಒಂದು ಚಿಮಣಿ ಕಣ್ಣಿಗೆ ಬೀಳುತ್ತದೆ.

ಎತ್ತು ಕಡಿಮೆಯಾದ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಸರಿ. ಟ್ರ್ಯಾಕ್ಟರ್ ಹೋಗದ ಬದುವಿನ ದಾರಿಗೆ, ಒಂದು ಪೆಂಡಿ ಮೇವಿಗೆ, ಎರಡು ಚೀಲ ಗೊಬ್ಬರಕ್ಕೆ? ಬೈಕೇ ಎತ್ತು. ಹಾಲಿನ ಕ್ಯಾನು ಎರಡೂ ಬದಿಗೆ ತೂಗಿಕೊಂಡು ಹೋಗುವವರು, ಬನಹಟ್ಟಿ–ರಬಕವಿಯ ಮಗ್ಗದ ಓಣಿಗಳಿಂದ ಸೀರೆಯ ಗಂಟು ಹೊತ್ತು ತರುವವರು, ಮಹಾಲಿಂಗಪುರದ ಪೇಟೆಗೆ ಬೆಲ್ಲದ ವ್ಯವಹಾರಕ್ಕೆ ಓಡುವವರು, ಎಲ್ಲರ ಕೆಳಗೂ ಅದೇ ನೂರು ಸಿಸಿ ಗಾಡಿ. ಬೀಳಗಿ ಕಡೆಯ ಕಥೆ ಇನ್ನೂ ಉದ್ದ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರಲ್ಲಿ ಉಳಿದ ಹೊಲಕ್ಕೆ ದಿನಾ ಓಡಾಡುವವರಿದ್ದಾರೆ.

ಕಂಪನಿಯ ಪುಸ್ತಕದಲ್ಲಿ ಈ ಬೈಕಿಗೆ ಇಬ್ಬರು ಸವಾರರು. ಇಲ್ಲಿ ಒಬ್ಬ ಸವಾರ, ಮತ್ತೊಬ್ಬನ ಜಾಗದಲ್ಲಿ ಮೂವರ ತೂಕ.

ಈ ಭಾರಕ್ಕೂ ಚೈನಿಗೂ ಇರುವ ಒಂದು ಸೂಕ್ಷ್ಮ ನಂಟು ಬಹಳ ಜನರಿಗೆ ಗೊತ್ತಿಲ್ಲ. ಗ್ಯಾರೇಜಿನಲ್ಲಿ ಸ್ಟ್ಯಾಂಡು ಹಾಕಿ, ಬರಿಗಾಡಿಯಲ್ಲಿ ಚೈನು ಬಿಗಿ ಮಾಡಿಸುತ್ತೇವೆ. ಹೇರು ಹೊತ್ತಾಗ ಹಿಂದಿನ ಶಾಕ್ ಕುಗ್ಗಿ, ಚಕ್ರದ ಅಚ್ಚು ಮತ್ತು ಗೇರ್‌ಬಾಕ್ಸಿನ ನಡುವಿನ ಅಂತರ ಒಂದು ಹಂತದವರೆಗೆ ಹೆಚ್ಚುತ್ತದೆ. ಬರಿಗಾಡಿಯಲ್ಲಿ ಸರಿಯಾಗಿ ಕಂಡ ಚೈನು ಹೇರಿನ ಗಾಡಿಯಲ್ಲಿ ವೀಣೆಯ ತಂತಿಯಾಗುತ್ತದೆ. ಆಮೇಲೆ ಸಾಯುವುದು ಚೈನೊಂದೇ ಅಲ್ಲ, ಗೇರ್‌ಬಾಕ್ಸಿನ ಬೇರಿಂಗು, ಚಕ್ರದ ಬೇರಿಂಗು ಎರಡನ್ನೂ ಕರೆದುಕೊಂಡು ಹೋಗುತ್ತದೆ. ಸಾಮಾನ್ಯ ಬೈಕುಗಳಲ್ಲಿ ಚೈನಿನ ನಡುಮಧ್ಯೆ ಮೇಲೆ ಕೆಳಗೆ ಎರಡರಿಂದ ಮೂರು ಸೆಂ.ಮೀ. ಆಟ ಇರಬೇಕು. ಹೇರು ಹೊರುವವರು ಒಮ್ಮೆ ಹೇರು ಹಾಕಿಯೇ ಮುಟ್ಟಿ ನೋಡುವುದು ಒಳ್ಳೆಯದು. ಸಡಿಲ ಚೈನು ಸದ್ದು ಮಾಡಿ ಹೇಳುತ್ತದೆ. ಬಿಗಿ ಚೈನು ಮಾತಾಡದೆ ಕೊಲ್ಲುತ್ತದೆ.

ಎತ್ತು ಬೇಕೋ, ಮುಧೋಳ ನಾಯಿ ಬೇಕೋ?

ಈಗ ಆ ಹುಡುಗನ ಬೇಡಿಕೆಗೆ ಬರೋಣ. ಒಂದು ಹಲ್ಲು ಕಮ್ಮಿ ಮಾಡಿದರೆ ಗಾಡಿ ಜಗ್ಗುತ್ತದೆಯೇ?

ಜಗ್ಗುತ್ತದೆ. ಲೆಕ್ಕ ಸುಲಭವಾಗಲೆಂದು ಮುಂದೆ 14, ಹಿಂದೆ 42 ಹಲ್ಲು ಹಿಡಿಯಿರಿ. ಮುಂದಿನದು ಮೂರು ಸುತ್ತು ಸುತ್ತಿದರೆ ಹಿಂದಿನದು ಒಂದು ಸುತ್ತು. ಮುಂದೆ 13 ಹಾಕಿದರೆ ಈ ಮೂರು ಎಂಬುದು 3.23 ಆಗುತ್ತದೆ. ಚಕ್ರಕ್ಕೆ ಸಿಗುವ ಎಳೆತ ಶೇ 7ಕ್ಕೂ ಹೆಚ್ಚು ಏರಿತು. ಚಿಕ್ಕಪಡಸಲಗಿ ಸೇತುವೆ ದಾಟಿ ಹೊಲದ ಏರು ಹತ್ತುವಾಗ ಮೂರನೇ ಗೇರಿನಲ್ಲಿ ಉಸಿರುಗಟ್ಟುತ್ತಿದ್ದ ಗಾಡಿ ಈಗ ಉಸಿರಾಡುತ್ತದೆ.

ಪುಕ್ಕಟೆ ಅಲ್ಲ. ಮೊದಲು ಎಂಜಿನ್ನಿನ ಯಾವ ವೇಗಕ್ಕೆ ಬೈಕು 70 ಓಡುತ್ತಿತ್ತೋ ಅದೇ ವೇಗಕ್ಕೆ ಈಗ 65 ಓಡುತ್ತದೆ. ಎಪ್ಪತ್ತರಲ್ಲೇ ಓಡಿಸುತ್ತೇನೆಂದರೆ ಎಂಜಿನ್ನು ಹೆಚ್ಚು ಕಿರುಚುತ್ತದೆ, ಹೆಚ್ಚು ಕುಡಿಯುತ್ತದೆ. 'ಅವರೇಜ್ ಬಿತ್ತು' ಎಂದು ಆಮೇಲೆ ಮಿಸ್ತ್ರಿಯ ಮೇಲೆ ಸಿಟ್ಟು ಮಾಡಿಕೊಳ್ಳಬಾರದು.

ಮುಂದೆ 15 ಹಾಕುವವರೂ ಇದ್ದಾರೆ. ಕಾಲೇಜು ಹುಡುಗರು, ವಿಜಯಪುರದ ರಸ್ತೆಯಲ್ಲಿ ಹೆಂಡ್ಲು ಹಿಡಿದವರು. ಸಪಾಟು ರಸ್ತೆಯಲ್ಲಿ ಎಂಜಿನ್ನು ತಣ್ಣಗೆ ಓಡುತ್ತದೆ, ನಿಜ. ಎದುರುಗಾಳಿ ಬಂದರೆ, ಹಿಂದೆ ಒಬ್ಬರು ಕೂತರೆ, ನಾಲ್ಕನೇ ಗೇರು ಇದ್ದೂ ಇಲ್ಲದಂತೆ. ಒಟ್ಟಿನಲ್ಲಿ 13 ಅಂದರೆ ಎತ್ತು, 15 ಅಂದರೆ ಮುಧೋಳ ನಾಯಿ. ನಾಯಿಗೆ ನೊಗ ಹೂಡುವವರೂ ಎತ್ತನ್ನು ಬೇಟೆಗೆ ಬಿಡುವವರೂ ಇಬ್ಬರೂ ಗ್ಯಾರೇಜಿಗೆ ಬರುತ್ತಾರೆ.

ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿಯೂ ಇದೇ ಫಲ ಪಡೆಯಬಹುದು. ಹಿಂದೆ 42ರ ಬದಲು 45 ಹಾಕಿದರೆ 3.21, ಮುಂದೆ ಒಂದು ಹಲ್ಲು ಕಳೆದಷ್ಟೇ. ಮುಂದಿನದು ಅಗ್ಗ, ಚೈನನ್ನೂ ಕಡಿಯಬೇಕಿಲ್ಲ. ಚಕ್ರದ ಅಚ್ಚನ್ನು ಮೂರು ಮಿಲಿಮೀಟರಿನಷ್ಟು ಹಿಂದಕ್ಕೆ ಸರಿಸಿದರೆ ಮುಗಿಯಿತು. ಹಿಂದಿನದಕ್ಕೆ ದುಡ್ಡು ಹೆಚ್ಚು, ಕೆಲವೊಮ್ಮೆ ಚೈನೂ ಉದ್ದ ಬೇಕು, ಚೈನಿನ ಕವರಿನೊಳಗೆ ಹಿಡಿಸುತ್ತದೆಯೇ ಎಂದೂ ನೋಡಬೇಕು.

ಹಾಗಾದರೆ ಎಲ್ಲರೂ ಮುಂದಿನದನ್ನೇ ಕಡಿಮೆ ಮಾಡಲಿ ಎನ್ನಬೇಡಿ. ಹಲ್ಲುಚಕ್ರ ಸಣ್ಣದಾದಷ್ಟೂ ಚೈನಿನ ಪ್ರತಿ ಕೊಂಡಿ ಹೆಚ್ಚು ಬಗ್ಗಬೇಕು, ಅದೇ ಎಂಜಿನ್ನಿನ ಎಳೆತವನ್ನು ಹೆಚ್ಚು ಬಿಗಿತದಲ್ಲಿ ತಾಳಬೇಕು. ಹಿಂದೆ ದೊಡ್ಡದು ಮಾಡಿದವನ ಚೈನು ಮುಂದೆ ಸಣ್ಣದು ಮಾಡಿದವನ ಚೈನಿಗಿಂತ ಹೆಚ್ಚು ಬಾಳುತ್ತದೆ. ವರ್ಷವಿಡೀ ಹೇರು ಹೊರುವವನಿಗೆ ನನ್ನ ಮತ ಹಿಂದಿನದಕ್ಕೆ. ಹಂಗಾಮಿನ ನಾಲ್ಕು ತಿಂಗಳಿಗಷ್ಟೇ ಆದರೆ ಮುಂದಿನದೇ ಇರಲಿ.

ಮುಂದಿನ ಹಲ್ಲು ಬೆಸ ಸಂಖ್ಯೆಯಾದರೆ ಇನ್ನೊಂದು ಲಾಭವಿದೆ. 112 ಕೊಂಡಿಯ ಚೈನಿಗೆ 14 ಹಲ್ಲಾದರೆ ಒಂದು ಹಲ್ಲಿಗೆ ಜೀವಮಾನವಿಡೀ ಅದೇ ಎಂಟು ಕೊಂಡಿಗಳು ಗಂಟುಬೀಳುತ್ತವೆ. 13 ಅಥವಾ 15 ಆದರೆ ಪ್ರತಿ ಹಲ್ಲೂ 112 ಕೊಂಡಿಗಳನ್ನೂ ಸರದಿಯ ಮೇಲೆ ಭೇಟಿಯಾಗುತ್ತದೆ. ಒಂದು ಕೊಂಡಿ ಕೆಟ್ಟರೆ ಅದರ ಏಟು ಎಲ್ಲರಿಗೂ ಹಂಚಿಹೋಗುತ್ತದೆ.

ಚೌಕಟ್ಟು: 428 ಅಂದರೇನು?

> ಚೈನಿನ ಪಟ್ಟಿಯ ಮೇಲೆ ಕೊರೆದ ಅಂಕಿಯಲ್ಲಿ ಮೊದಲನೆಯದು ಎರಡು ಪಿನ್ನುಗಳ ಅಂತರ. ಅದನ್ನು ಎಂಟನೇ ಒಂದು ಇಂಚಿನ ಲೆಕ್ಕದಲ್ಲಿ ಓದಬೇಕು. 4 ಎಂದರೆ ಎಂಟರಲ್ಲಿ ನಾಲ್ಕು, ಅರ್ಧ ಇಂಚು. 5 ಎಂದರೆ ಎಂಟರಲ್ಲಿ ಐದು, 15.875 ಮಿ.ಮೀ. ಮುಂದಿನ ಎರಡು ಅಂಕಿಗಳು ಒಳಗಿನ ಅಗಲ ಸೂಚಿಸುತ್ತವೆ. ಹಾಗಾಗಿ 420 ಸಪೂರ, 428 ಅದಕ್ಕಿಂತ ಅಗಲ, 520 ದೊಡ್ಡ ಬೈಕಿನದು. 428ರ ಸ್ಪ್ರಾಕೆಟ್ಟಿಗೆ 520 ಚೈನು ಕೂರುವುದಿಲ್ಲ. ಸೈಕಲ್ಲಿನ ಚೈನೂ ಅರ್ಧ ಇಂಚಿನದೇ. ನೂರು ಸಿಸಿ ಬೈಕು ಇವತ್ತಿಗೂ ಸೈಕಲ್ಲಿನ ಅಳತೆಯಲ್ಲೇ ಹೆಜ್ಜೆ ಹಾಕುತ್ತಿದೆ.

ಹಿಮದಲ್ಲೂ ಇದೇ ಜಗಳ

ಈ ಹಲ್ಲಿನ ಪಂಚಾಯಿತಿ ನಮ್ಮ ಊರಿನದಷ್ಟೇ ಎಂದು ನಾನು ಬಹಳ ದಿನ ತಿಳಿದಿದ್ದೆ. ಕೆನಡಾ, ಅಮೆರಿಕಗಳ ಹಿಮದೂರುಗಳಲ್ಲೂ ಅದೇ ಮಾತು, ಬೈಕಿನ ಬದಲು ಸ್ನೋಮೊಬೈಲ್ ಅಷ್ಟೇ. ಗುಲ್ಮಾರ್ಗಿಗೆ ಪ್ರವಾಸ ಹೋದವರು ಇದರ ಮೇಲೆ ಕೂತು ಫೋಟೋ ತೆಗೆಸಿಕೊಂಡಿರುತ್ತಾರೆ. ಮುಂದೆ ಎರಡು ಹಿಮಜಾರು ಪಟ್ಟಿ, ಹಿಂದೆ ಟ್ಯಾಂಕಿನದರಂಥ ರಬ್ಬರ್ ಪಟ್ಟಾ.

ಕ್ವಿಬೆಕ್‌ನ ವ್ಯಾಲ್‌ಕೋರ್ಟ್ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಗ್ಯಾರೇಜ್ ಮಿಸ್ತ್ರಿ 1937ರಲ್ಲಿ ಪೇಟೆಂಟ್ ಪಡೆದದ್ದೇ ಸ್ಪ್ರಾಕೆಟ್ ಮತ್ತು ಪಟ್ಟಾದ ಜೋಡಣೆಗೆ. 1959ರಲ್ಲಿ ಅವನ ಸ್ಕೀ–ಡೂ ಮಾರುಕಟ್ಟೆಗೆ ಬಂತು. ಇಂದಿಗೂ ಬಹಳಷ್ಟು ಸ್ನೋಮೊಬೈಲುಗಳಲ್ಲಿ ಎಂಜಿನ್ನಿನ ಶಕ್ತಿ ಮೊದಲು ಬೆಲ್ಟಿನಲ್ಲಿ ಹರಿದು, ಕೊನೆಗೆ ಒಂದು ಮುಚ್ಚಿದ ಪೆಟ್ಟಿಗೆಯೊಳಗಿನ ಎರಡು ಸ್ಪ್ರಾಕೆಟ್, ಒಂದು ಚೈನಿನ ಮೂಲಕ ಪಟ್ಟಾಕ್ಕೆ ತಲುಪುತ್ತದೆ. ಬೆಟ್ಟದ ಮೆತ್ತನೆ ಹಿಮದಲ್ಲಿ ಏರುವವನು ಮೇಲಿನ ಸ್ಪ್ರಾಕೆಟ್ಟಿಗೆ ಹಲ್ಲು ಕಡಿಮೆ ಮಾಡುತ್ತಾನೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಓಟದ ಹುಚ್ಚಿನವನು ಹೆಚ್ಚು ಮಾಡುತ್ತಾನೆ. ಎರಿ ಮಣ್ಣಿನ ಜಾಗದಲ್ಲಿ ಹಿಮ, ಸೋಗೆಯ ಜಾಗದಲ್ಲಿ ಉದ್ದನೆಯ ಪಟ್ಟಾ. ಉಳಿದದ್ದೆಲ್ಲ ಒಂದೇ.

ಚೈನಿನ ಜಾತಿ ಮಾತ್ರ ಬೇರೆ. ಅಲ್ಲಿನದು ರೋಲರ್ ಇಲ್ಲದ, ಹಲ್ಲಿನಾಕಾರದ ತೆಳು ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ 'ಮೌನ ಚೈನು'. 13 ಪಟ್ಟಿ ಅಗಲ, 15 ಪಟ್ಟಿ ಅಗಲ ಎಂದು ಎಣಿಸಿ ಕೊಳ್ಳುತ್ತಾರೆ. ಚೈನು ಪೆಟ್ಟಿಗೆಯ ತಳದ ಎಣ್ಣೆಯಲ್ಲಿ ಅದ್ದಿಕೊಂಡು ಓಡುತ್ತದೆ. ಎಣ್ಣೆ ಬದಲಿಸುವಾಗ ಅಯಸ್ಕಾಂತದ ಬಿರಡೆಗೆ ಅಂಟಿದ ಉಕ್ಕಿನ ಪುಡಿ ನೋಡಿ ಒಳಗೆ ಎಷ್ಟು ಸವೆದಿದೆ ಎಂದು ಹೇಳುತ್ತಾರೆ. ವೈದ್ಯರು ನಾಲಿಗೆ ನೋಡಿದ ಹಾಗೆ.

ಇದನ್ನೆಲ್ಲ ಓದುತ್ತಾ ನನಗೆ ಹೊಟ್ಟೆಕಿಚ್ಚಾದದ್ದು ಆ ಪೆಟ್ಟಿಗೆ ಕಂಡು. ಏಕೆಂದರೆ ನಮಗೂ ಒಂದು ಪೆಟ್ಟಿಗೆ ಕೊಟ್ಟಿದ್ದರು. ನಾವು ಕಿತ್ತು ಎಸೆದೆವು.

ಕಳೆದುಕೊಂಡ ಕವರು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ಬೈಕುಗಳನ್ನು ಜೋಡಿಸತೊಡಗಿದಾಗ ಅದರ ಚೈನು ಪೂರ್ತಿ ಮುಚ್ಚಿಕೊಂಡಿತ್ತು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಿಂದ ಇತ್ತೀಚಿನವರೆಗೆ ಬಂದ ಬಡವರ ಬೈಕುಗಳ ದೊಡ್ಡ ಗುಣವೂ ಆ ತಗಡಿನ ಕವರು. ದೂಳು, ಕೆಸರು ಚೈನಿಗೆ ತಾಕದು. ಎಡಗಡೆ ಕಾಲು ಇಳಿಬಿಟ್ಟು ಕೂತ ಹೆಣ್ಣುಮಕ್ಕಳ ಸೀರೆಯ ಸೆರಗೂ ಚೈನಿಗೆ ಸಿಗದು. ಚಕ್ರಕ್ಕೆ ಸೆರಗು ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಅಡ್ಡ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಸೀರೆ ನೇಯುವ ಬನಹಟ್ಟಿಯಲ್ಲೇ ಸೀರೆ ಗಾರ್ಡ್ ಬಿಚ್ಚಿದ ಬೈಕು ಎಣಿಸಲು ನಿಂತರೆ ಸಂಜೆಯಾಗುತ್ತದೆ.

ಕವರು ಬಿಚ್ಚಲು ಎರಡು ಕಾರಣ. ಒಂದು ಸ್ಟೈಲು. ಇನ್ನೊಂದು, ಕವರಿನ ಬೋಲ್ಟು ಸಡಿಲಾಗಿ ಅದು ಗಡಗಡ ಎನ್ನುತ್ತದೆ, ಎರಡು ಬೋಲ್ಟು ಬಿಗಿಯುವ ಬದಲು ಇಡೀ ಕವರನ್ನೇ ಬಿಚ್ಚುವುದು ಸುಲಭ. ಗ್ಯಾರೇಜಿನ ಹಿಂದೆ ಇಂಥ ಕವರುಗಳ ರಾಶಿಯೇ ಇತ್ತು.

ಕವರಿಲ್ಲದ ಚೈನಿಗೆ ಹಂಗಾಮಿನ ರಸ್ತೆ ಏನು ಮಾಡುತ್ತದೆ ನೋಡಿ. ಟ್ರೇಲರುಗಳ ಗಾಲಿಗೆ ಎರಿ ಮಣ್ಣು ಹಿಟ್ಟಾಗಿ ಏಳುತ್ತದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಎಂಜಿನ್ನಿನಿಂದ ತೆಗೆದ ಕರೀ ಎಣ್ಣೆಯನ್ನು ಚೈನಿನ ಮೇಲೆ ಸುರಿದಿರುತ್ತಾನೆ. ಎಣ್ಣೆಗೆ ಹಿಟ್ಟು ಕೂಡಿದರೆ ಏನಾಗುತ್ತದೆ? ವಾಲ್ವು ಅರೆಯಲು ಮಿಸ್ತ್ರಿಗಳು ಡಬ್ಬಿಯಲ್ಲಿ ಕೊಳ್ಳುವ ಉಜ್ಜುಪೇಸ್ಟು, ಅದೂ ಪುಕ್ಕಟೆಯಾಗಿ! ಕಿರೋಸಿನ್ನಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಮೈಗೆ ತೆಳ್ಳಗೆ ಹಚ್ಚಿ, ಮೇಲೆ ಉಳಿದದ್ದನ್ನು ಮತ್ತೆ ಒರೆಸಬೇಕು. ಎಣ್ಣೆ ಬೇಕಿರುವುದು ಪಿನ್ನಿನೊಳಗೆ. ಹೊರಗೆ ಮಿಂಚುವ ಎಣ್ಣೆ ದೂಳಿಗೆ ಕೊಟ್ಟ ಆಮಂತ್ರಣ.

ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರ ಇರುವ ಓ–ರಿಂಗ್ ಚೈನು ಈ ತೊಂದರೆಗೆ ಉತ್ತರ. ಕಾರ್ಖಾನೆಯಲ್ಲೇ ತುಂಬಿದ ಗ್ರೀಸು ಪಿನ್ನಿನೊಳಗೆ ಉಳಿಯುತ್ತದೆ, ದೂಳು ಒಳಗೆ ಹೋಗುವುದಿಲ್ಲ. ಬಾಳಿಕೆಯೂ ಹೆಚ್ಚು, ಬೆಲೆಯೂ ಹೆಚ್ಚು. ತಂತಿಬ್ರಷ್ಷಿನಿಂದ ಉಜ್ಜಿದರೆ, ಪೆಟ್ರೋಲಿನಲ್ಲಿ ತೊಳೆದರೆ ಉಂಗುರ ಹಾಳು. ಆ ಉಂಗುರಗಳಿಂದ ಚೈನು ದಪ್ಪಗಾಗುವುದರಿಂದ ಕವರಿಗೆ, ಎಂಜಿನ್ನಿನ ಪಕ್ಕಕ್ಕೆ ತಾಗದಂತೆ ಜಾಗವಿದೆಯೇ ಎಂದು ನೋಡಿ ಕೊಳ್ಳಬೇಕು. ಕವರು ಗಟ್ಟಿ ಇರುವ ನೂರು ಸಿಸಿ ಗಾಡಿಗೆ ಒಳ್ಳೆಯ ಸಾದಾ ಚೈನೇ ಸಾಕು ಎಂಬುದು ನನ್ನ ಅನಿಸಿಕೆ. ಬಯಲು ಚೈನಿನ ದೊಡ್ಡ ಬೈಕಿಗೆ ಓ–ರಿಂಗ್ ಬಿಟ್ಟು ಬೇರೆ ಯೋಚಿಸಬೇಡಿ. ಮಿಂಚುವ ಅಲ್ಯೂಮಿನಿಯಂ ಸ್ಪ್ರಾಕೆಟ್ ಹಗುರ, ಓಟದ ಬೈಕಿಗೆ ಸರಿ. ಸೋಗೆ ಹೊರುವ ಗಾಡಿಗೆ ಹಲ್ಲಿಗೆ ಹದ ಕೊಟ್ಟ ಉಕ್ಕೇ ಗತಿ.

ಚೌಕಟ್ಟು: ಹಾರಿದ ಚೈನು

> ಇಂದಿನ ಬುಶ್–ರೋಲರ್ ಚೈನನ್ನು 1880ರಲ್ಲಿ ರೂಪಿಸಿದವರು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹ್ಯಾನ್ಸ್ ರೆನಾಲ್ಡ್. ಐದು ವರ್ಷದ ಬಳಿಕ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಹಿಂದಿನ ಚಕ್ರಕ್ಕೆ ಚೈನು ಕೊಟ್ಟು ಲೋಕ ಸುತ್ತಿತು. ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1903ರಲ್ಲಿ ವಿಮಾನ ಹಾರಿಸಿದಾಗ ಎಂಜಿನ್ನಿನಿಂದ ಎರಡು ರೆಕ್ಕೆಪಂಖಗಳಿಗೆ ಶಕ್ತಿ ಒಯ್ದದ್ದೂ ಚೈನು ಮತ್ತು ಸ್ಪ್ರಾಕೆಟ್. ಪಂಖಗಳು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗಲೆಂದು ಒಂದು ಚೈನನ್ನು ಎಂಟರ ಅಂಕಿಯಂತೆ ತಿರುಚಿ ಹಾಕಿದ್ದರು. ಅವು ಇಂಡಿಯಾನಾಪೊಲಿಸ್‌ನ ಡೈಮಂಡ್ ಚೈನ್ ಕಂಪನಿಯ ಚೈನುಗಳು. ಆ ಕಂಪನಿಯ ಸಹಭಾಗಿತ್ವದಲ್ಲಿ ಮದ್ರಾಸಿನಲ್ಲಿ ಆರಂಭವಾದ ಕಾರ್ಖಾನೆಯ ಡೈಮಂಡ್, ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಸಂಸ್ಥೆಯ ರೋಲನ್ ಎರಡೂ ನಮ್ಮ ಬಿಡಿಭಾಗದ ಅಂಗಡಿಗಳಲ್ಲಿ ಚಿರಪರಿಚಿತ ಹೆಸರುಗಳು.

ಮುದಿ ಎತ್ತಿಗೆ ಹೋರಿಯ ಜೋಡು

ಇಷ್ಟೆಲ್ಲ ಉಪದೇಶ ಮಾಡುವ ನಾನು ಆ ದಿನ ಗ್ಯಾರೇಜಿನಲ್ಲಿ ಯಾಕೆ ಕೂತಿದ್ದೆ? ಹೇಳಲೇಬೇಕು.

ಆರು ತಿಂಗಳ ಹಿಂದೆ ಬೇರೊಂದು ಊರಿನಲ್ಲಿ ನನ್ನ ಬೈಕಿನ ಚೈನು ಜಿಗಿಯತೊಡಗಿತು. ಅಲ್ಲಿದ್ದ ಅಂಗಡಿಯಾತ ಮೊದಲು ಎರಡು ಕೊಂಡಿ ಕಡಿದು ಚೈನನ್ನು ಗಿಡ್ಡ ಮಾಡಿಕೊಟ್ಟ. ವಾರದಲ್ಲಿ ಮತ್ತೆ ಅದೇ ಹಾಡು. ಕೊಂಡಿ ಕಡಿದರೆ ಉದ್ದ ಕಡಿಮೆಯಾಗುತ್ತದೆ, ಉಳಿದ ಕೊಂಡಿಗಳ ಸವಕಲು ಹಾಗೇ ಇರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಎರಡನೇ ಸಲ ಹೋದಾಗ, "ಸೆಟ್ ಪೂರಾ ಬ್ಯಾಡ್ರಿ ಸರ, ಚೈನ್ ಒಂದ ಹಾಕೂಣು, ರೊಕ್ಕ ಉಳೀತದ" ಎಂದ. ರೊಕ್ಕ ಉಳಿಯುತ್ತದೆ ಎಂದರೆ ಯಾರಿಗೆ ಬೇಡ?

ಹಳೇ ಸ್ಪ್ರಾಕೆಟ್ಟಿಗೆ ಹೊಸ ಚೈನು ಕೂತಿತು. ಮುದಿ ಎತ್ತಿನ ಪಕ್ಕ ಹೊಸ ಹೋರಿಯನ್ನು ನೊಗಕ್ಕೆ ಕಟ್ಟಿದರೆ ಏನಾಗುತ್ತದೋ ಅದೇ ಆಯಿತು. ಕೊಕ್ಕೆಯಾದ ಹಲ್ಲುಗಳು ಹೊಸ ಚೈನಿನ ರೋಲರುಗಳನ್ನು ಸಲೀಸಾಗಿ ಬಿಡುತ್ತಿರಲಿಲ್ಲ, ಪ್ರತಿ ಸುತ್ತಿಗೂ ಜಗ್ಗಿ ಬಿಡುತ್ತಿದ್ದವು. ಆರು ತಿಂಗಳಲ್ಲಿ ಹೊಸ ಚೈನೂ ಮುದಿಯಾಯಿತು. ಹೋದ ವಾರ ಚಿಕ್ಕಪಡಸಲಗಿ ಸೇತುವೆಯ ನಟ್ಟನಡುವೆ, ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಹಾರ್ನು ಹೊಡೆಯುತ್ತಿರುವಾಗ, ಚೈನು ಕಳಚಿ ಬಿತ್ತು. ಕೃಷ್ಣೆಯನ್ನು ಅಷ್ಟು ಹೊತ್ತು ನಿಂತು ನೋಡಿದ್ದು ಅದೇ ಮೊದಲು.

ಕಳಚಿದ್ದಕ್ಕೆ ಇನ್ನೊಂದು ಸಣ್ಣ ಕಾರಣವೂ ಸಿಕ್ಕಿತು. ಚೈನಿನ ಎರಡು ತುದಿ ಕೂಡಿಸುವ ಲಾಕಿನ ಪುಟ್ಟ ಕ್ಲಿಪ್ಪನ್ನು ತಿರುವುಮುರುವಾಗಿ ಹಾಕಿದ್ದ. ಮೀನಿನಾಕಾರದ ಆ ಕ್ಲಿಪ್ಪಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗಿರಬೇಕು, ಸೀಳಿದ ಬಾಲ ಹಿಂದಕ್ಕೆ. ಮೀನು ಮುಂದಕ್ಕೆ ಈಜಬೇಕು ಎಂದು ನೆನಪಿಟ್ಟರೆ ಸಾಕು. ನನ್ನ ಮೀನು ಹಿಮ್ಮುಖ ಈಜಿತ್ತು.

ಮುಂದಿನದು, ಹಿಂದಿನದು, ಚೈನು — ಮೂರೂ ಒಂದೇ ವಸ್ತು ಎಂದು ತಿಳಿಯಬೇಕು. ಅಂಗಡಿಯಲ್ಲಿ ಮೂರನ್ನೂ ಒಂದೇ ಪೊಟ್ಟಣದಲ್ಲಿ 'ಚೈನ್ ಸೆಟ್' ಎಂದು ಮಾರುವುದು ವ್ಯಾಪಾರದ ಜಾಣತನವಷ್ಟೇ ಅಲ್ಲ.

ಕಾರ್ಖಾನೆಯ ಚೈನಿಗೆ ಈ ಬುದ್ಧಿ ಮೊದಲೇ ಇತ್ತು

ಇದೇ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಈ ಮಾತು ಯಾರಿಗೂ ಹೇಳಿಕೊಡಬೇಕಿಲ್ಲ. ಟ್ರೇಲರಿನಿಂದ ಇಳಿದ ಕಬ್ಬು ಗಾಣದ ಬಾಯಿಗೆ ಹೋಗುವುದು ಕೇನ್ ಕ್ಯಾರಿಯರ್ ಎಂಬ ಚಲಿಸುವ ಹಾಸಿನ ಮೇಲೆ. ಉಕ್ಕಿನ ಪಟ್ಟಿಗಳನ್ನು ಚೈನಿಗೆ ಜೋಡಿಸಿದ ಹಾಸು ಅದು. ಬೈಕಿನ ಚೈನಿನಲ್ಲಿ ಕೊಂಡಿಯ ಅಂತರ 12.7 ಮಿ.ಮೀ. ಆದರೆ ಅಲ್ಲಿ 200 ಮಿ.ಮೀ.ವರೆಗೂ ಇರುತ್ತದೆ, ಅಂದರೆ ಒಂದು ಕೊಂಡಿ ನಿಮ್ಮ ಅಂಗೈಗಿಂತ ಉದ್ದ. ಅಳತೆ ಹದಿನಾರು ಪಟ್ಟು ಬೆಳೆಯಿತು, ಒಳಗಿನ ಪಿನ್ನು, ಬುಶ್ಶಿನ ಕಥೆ ಅದೇ.

ಆ ಚೈನು ಕಡಿದರೆ ಗಾಣಕ್ಕೆ ಕಬ್ಬಿಲ್ಲ. ಗಾಣ ನಿಂತರೆ ಹೊರಗೆ ಟ್ರ್ಯಾಕ್ಟರ್ ಸಾಲು ರಸ್ತೆಗೆ ಬರುತ್ತದೆ. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆ ನಷ್ಟದಲ್ಲಿ ರೈತನ ಪಾಲೂ ಇದೆ. ಆದ್ದರಿಂದ ಹಂಗಾಮು ಮುಗಿದು ಚಿಮಣಿ ತಣ್ಣಗಾದ ಮೇಲೆ ಚೈನುಗಳನ್ನು ಇಳಿಸಿ, ತೊಳೆದು, ಕೊಂಡಿ ಕೊಂಡಿ ಅಳೆಯುತ್ತಾರೆ. ಪಕ್ಕಪಕ್ಕದಲ್ಲಿ ಓಡುವ ಜೋಡಿ ಚೈನುಗಳಲ್ಲಿ ಒಂದು ಮಾತ್ರ ಸವೆದರೆ ಅದೊಂದನ್ನೇ ಬದಲಿಸುವಂತಿಲ್ಲ, ಉದ್ದದಲ್ಲಿ ಹೆಚ್ಚುಕಡಿಮೆಯಾಗಿ ಹಾಸು ಓರೆಯಾಗುತ್ತದೆ. ಎರಡಕ್ಕೂ ಒಂದೇ ವಯಸ್ಸಿರಬೇಕು.

ಬೈಕಿನವರಿಗೆ ಹಂಗಾಮು ಮುಗಿಯುವುದೇ ಇಲ್ಲ, ಅದೇ ತೊಂದರೆ. ಕಬ್ಬು ಮುಗಿದರೆ ಅರಿಶಿನ, ಅರಿಶಿನ ಮುಗಿದರೆ ಜಾತ್ರೆ.

ಚೌಕಟ್ಟು: ಕೂರಿಗೆಯ ಹಲ್ಲು

> ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆಯಲ್ಲೂ ಚೈನು ಇದೆ. ನೆಲದ ಮೇಲೆ ಉರುಳುವ ಚಕ್ರ ಚೈನಿನ ಮೂಲಕ ಬೀಜದ ಪೆಟ್ಟಿಗೆಯೊಳಗಿನ ದಂಡವನ್ನು ತಿರುಗಿಸುತ್ತದೆ. ಟ್ರ್ಯಾಕ್ಟರ್ ಜೋರಾಗಿ ಓಡಲಿ, ನಿಧಾನ ಓಡಲಿ, ಮಾರಿಗೆ ಬೀಳುವ ಬೀಜ ಅಷ್ಟೇ. ಕೆಲವು ಕೂರಿಗೆಗಳಲ್ಲಿ ಬೀಜ ತೆಳುವಾಗಿಯೋ ಒತ್ತಾಗಿಯೋ ಬೀಳಬೇಕೆಂದರೆ ಸ್ಪ್ರಾಕೆಟ್ ಬದಲಿಸುತ್ತಾರೆ. ಸವೆದ ಚೈನು ಇಲ್ಲಿ ಜಿಗಿದರೆ ಸದ್ದು ಕೇಳಿಸದೆ ಹೋಗಬಹುದು. ಹದಿನೈದು ದಿನದ ಮೇಲೆ ಸಾಲಿನ ನಡುವೆ ಬೋಳು ಜಾಗ ಕಂಡಾಗ ಗೊತ್ತಾಗುತ್ತದೆ.

ಇನ್ನೂರ ಅರವತ್ತೊಂದು

ಮತ್ತೆ ಬೇವಿನ ಗಿಡದ ಕೆಳಗೆ. ಹುಡುಗ ಸೋಗೆಯ ಪೆಂಡಿಗಳನ್ನು ಇಳಿಸಿ ಗೋಡೆಗೆ ಒರಗಿಸಿದ್ದ. ದಾರಿಯಲ್ಲಿ ಹೋಗುತ್ತಿದ್ದ ಯಾರದೋ ಆಕಳು ಬಂದು ತನ್ನ ಪಾಲು ವಸೂಲಿ ಶುರುಮಾಡಿತ್ತು.

ಮಿಸ್ತ್ರಿ ಚೈನು ಬಿಚ್ಚಿ, ಕಿರೋಸಿನ್ನಿನಲ್ಲಿ ಅದ್ದಿ, ಒರೆಸಿ, ನೆಲಕ್ಕೆ ಗೋಣಿಚೀಲ ಹಾಸಿ ಅದರ ಮೇಲೆ ನೆಟ್ಟಗೆ ಎಳೆದಿಟ್ಟರು. "ಇಪ್ಪತ್ತ ಎಣಸು" ಎಂದರು. ಹುಡುಗ ಬೆರಳಿಟ್ಟು ಎಣಿಸಿದ. ಕಬ್ಬಿಣದ ಪಟ್ಟಿ ಬಂತು.

"ಎಷ್ಟ ಐತಿ?"

"ಇನ್ನೂರಾ ಅರವತ್ತೊಂದು."

"ಹೊಸಾದು ಇನ್ನೂರಾ ಐವತ್ನಾಲ್ಕು ಇರ್ತದ. ಏಳ ಮಿಲಿಮೀಟರ್ ಉಣಿಸಿ ಬಿಟ್ಟಿ ಎರಿ ಮಣ್ಣಿಗಿ."

ಹುಡುಗ ಮೊಬೈಲಿನಲ್ಲಿ ಮನೆಗೆ ಮಾತಾಡಿದ. ಆ ಕಡೆಯಿಂದ ಜೋರು ದನಿ ಕೇಳಿಸಿತು, ಆಮೇಲೆ ಮೆಲ್ಲಗಾಯಿತು. "ಪೂರಾ ಸೆಟ್ ಹಾಕ್ರಿ ಅಂದ ಅಪ್ಪ" ಎಂದ. ಹಲ್ಲು ಕಮ್ಮಿ ಬೇಕೋ ಹೇಗೆ ಎಂದು ಮಿಸ್ತ್ರಿ ಕೇಳಿದರು. ಹುಡುಗ ನನ್ನ ಕಡೆ ನೋಡಿದ. ನಾನು ನನ್ನ ಬೈಕಿನ ಕಡೆ ನೋಡಿದೆ.

"ಮೊದಲ ಕಂಪನಿದ ಹಾಕಿ ನೋಡೂಣು. ಆವಾಗೂ ಜಗ್ಗಲಿಲ್ಲಂದ್ರ ಬಾ" ಎಂದು ಮಿಸ್ತ್ರಿಯೇ ತೀರ್ಮಾನ ಕೊಟ್ಟರು. ಗ್ಯಾರೇಜಿನ ಹಿಂದಿನ ರಾಶಿಗೆ ಹೋಗಿ ಮೂರು ಕವರು ತಂದು ಇಟ್ಟು ನೋಡಿ, ನಾಲ್ಕನೆಯದನ್ನು ಹುಡುಗನ ಗಾಡಿಗೆ ಕೂರಿಸಿದರು. ಬಣ್ಣ ಹೊಂದಲಿಲ್ಲ. ಹುಡುಗನ ಮುಖ ಸಣ್ಣದಾಯಿತು, ಮಾತಾಡಲಿಲ್ಲ.

ಪೆಂಡಿ ಮತ್ತೆ ಹೇರಿದ ಮೇಲೆ ಮಿಸ್ತ್ರಿ ಕವರಿನ ತೂತಿನ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿದರು. ಚೈನನ್ನು ಮೇಲೆತ್ತಿ ಬಿಟ್ಟರು, ಅಚ್ಚಿನ ನಟ್ಟನ್ನು ಒಂದೆಳೆ ಸಡಿಲಿಸಿದರು, ಮತ್ತೆ ಬೆರಳು ಹಾಕಿದರು. ಗಾಡಿ ಹೊರಟಿತು. ಕಟಕ್ ಇಲ್ಲ.

ಹತ್ತು ಮಾರು ಹೋದವನು ನಿಂತ. ಇಳಿಯಲಾಗದಷ್ಟು ಹೇರು. ಸೋಗೆಯೊಳಗಿಂದಲೇ ಕೂಗಿದ:

"ಕಾಕಾ, ಹಳೀ ಚೈನ್ ಒಗೀಬ್ಯಾಡ್ರಿ! ನಾಳಿ ಒಯ್ತೀನಿ. ಹಿತ್ತಲ ಗೇಟಿಗಿ ಕೀಲಿ ಹಾಕಾಕ ಆಕ್ಕೈತಿ."